ಅಕ್ಷರ ತಡವರಿಸಿದರೂ ಬುದ್ಧಿ ತಡವರಿಸದು

ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸೀಫರ್ಡ್ ಎಂಬ ಕಡಲತೀರದ ಊರಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರಿದ್ದರು. ಅವರು 14 ವರ್ಷದ ಹುಡುಗನೊಬ್ಬನನ್ನು ಪರೀಕ್ಷಿಸಿದರು. ಹೆಸರು ಪರ್ಸಿ. ಆಟದಲ್ಲಿ ಚುರುಕು, ಮಾತಿನಲ್ಲಿ ಚುರುಕು, ಕಣ್ಣಿನಲ್ಲಿ ದೋಷವಿಲ್ಲ. 749 ಅನ್ನು 867ರಿಂದ ಗುಣಿಸು ಎಂದರೆ ಬೇಗನೆ, ಸರಿಯಾಗಿ ಗುಣಿಸಿಬಿಟ್ಟ. ಆದರೆ ಏಳನೆಯ ವಯಸ್ಸಿನಿಂದ ಪಾಠ ಹೇಳಿಸಿದ್ದರೂ ಸಣ್ಣಪುಟ್ಟ ಪದಗಳನ್ನು ಬಿಟ್ಟರೆ ಅವನಿಗೆ ಓದಲು ಬರುತ್ತಿರಲಿಲ್ಲ. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದ. ಪಾಠವನ್ನೆಲ್ಲ ಬಾಯಿಮಾತಿನಲ್ಲೇ ಹೇಳಿಕೊಡುವಂತಿದ್ದರೆ ಶಾಲೆಯಲ್ಲಿ ಇವನೇ ಎಲ್ಲರಿಗಿಂತ ಜಾಣನೆನಿಸುತ್ತಿದ್ದ ಎಂಬುದು ಅವನ ಮೇಷ್ಟರ ಅಭಿಪ್ರಾಯವಾಗಿತ್ತು. 1896ರ ನವೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಮಾರ್ಗನ್ ಈ ಹುಡುಗನ ವಿಷಯ ಬರೆದರು. ಅದಕ್ಕೆ ‘ಹುಟ್ಟಿನಿಂದ ಬಂದ ಪದಾಂಧತೆ’ ಎಂದು ಕರೆದರು.

ಇಂದು ನಾವು ಅದನ್ನು ಡಿಸ್ಲೆಕ್ಸಿಯಾ ಎನ್ನುತ್ತೇವೆ. ಈ ಪದವನ್ನು ಟಂಕಿಸಿದವರು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ನೇತ್ರವೈದ್ಯ ರುಡಾಲ್ಫ್ ಬರ್ಲಿನ್. ಮಿದುಳಿನ ಕಾಯಿಲೆಯಿಂದ ಓದುವ ಶಕ್ತಿ ಕಳೆದುಕೊಂಡ ವಯಸ್ಕರಿಗಾಗಿ ಅವರು ಬಳಸಿದ ಮಾತು ಮುಂದೆ ಮಕ್ಕಳ ಓದಿನ ತೊಡಕಿಗೂ ಅಂಟಿಕೊಂಡಿತು.

ಬಹುಕಾಲ ಇದು ಕೇವಲ ಕೊರತೆಯ ಹೆಸರಾಗಿತ್ತು. ಕಳೆದ ಕೆಲವು ದಶಕಗಳಲ್ಲಿ ಮಾತ್ರ ಬೇರೊಂದು ವಾದ ಕೇಳಿಬರುತ್ತಿದೆ. ವ್ಯಾಪಾರ, ಉದ್ಯಮ, ಕಲೆ, ವಿಜ್ಞಾನಗಳಲ್ಲಿ ಹೆಸರು ಮಾಡಿದ ಎಷ್ಟೋ ಮಂದಿಗೆ ಬಾಲ್ಯದಲ್ಲಿ ಓದು ಹತ್ತಿರಲಿಲ್ಲ. ಹಾಗಾದರೆ ಡಿಸ್ಲೆಕ್ಸಿಯಾ ಒಂದು ಶಕ್ತಿಯೇ ಇರಬಾರದೇಕೆ ಎಂಬುದು ಆ ವಾದ. ಇದರಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ?

ತೊಡಕು ಇರುವುದೆಲ್ಲಿ?

ಡಿಸ್ಲೆಕ್ಸಿಯಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 2007ರ ‘ತಾರೇ ಜಮೀನ್ ಪರ್’ ಹಿಂದಿ ಚಿತ್ರ. ಅದರಲ್ಲಿ ಬಾಲಕ ಇಶಾನ್‌ಗೆ ಅಕ್ಷರಗಳು ಕುಣಿಯುವಂತೆ ಕಾಣುತ್ತವೆ. ಹೀಗಾಗಿ ಇದು ಕಣ್ಣಿನ ದೋಷವೆಂದು ಭಾವಿಸುವವರಿದ್ದಾರೆ. ಆದರೆ ತಜ್ಞರ ಪ್ರಕಾರ ಮುಖ್ಯ ತೊಡಕು ಇರುವುದು ಧ್ವನಿಯಲ್ಲಿ. ಕೇಳಿದ ಪದವನ್ನು ಧ್ವನಿಗಳ ತುಣುಕುಗಳಾಗಿ ಬಿಡಿಸುವುದು, ಆ ತುಣುಕುಗಳನ್ನು ಬರೆದ ಚಿಹ್ನೆಗಳ ಜೊತೆ ಸರಾಗವಾಗಿ ಹೊಂದಿಸುವುದು ಈ ಮಕ್ಕಳಿಗೆ ಕಷ್ಟ. ನಮಗೆ ಅರಿವೇ ಇಲ್ಲದೆ ನಡೆದುಹೋಗುವ ಈ ಕೆಲಸಕ್ಕೆ ಅವರು ಪ್ರತಿ ಸಾಲಿನಲ್ಲೂ ಶ್ರಮ ಪಡಬೇಕಾಗುತ್ತದೆ. ಬುದ್ಧಿಮತ್ತೆಗೂ ಇದಕ್ಕೂ ಸಂಬಂಧವಿಲ್ಲ. ತೊಡಕು ವಂಶದಲ್ಲಿ ಹರಿದುಬರುವುದುಂಟು. ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದಾದರೂ, ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಇದು ಇರುತ್ತದೆನ್ನಲಾಗುತ್ತದೆ.

ಅಂಗಡಿ ಇಟ್ಟು ಗೆದ್ದವರು

ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ತೆರೆದ ಐಕಿಯಾ ಪೀಠೋಪಕರಣ ಮಳಿಗೆಗೆ ಹೋದವರು ಒಂದು ಸಂಗತಿ ಗಮನಿಸಿರಬಹುದು. ಅಲ್ಲಿ ಪ್ರತಿಯೊಂದು ಕುರ್ಚಿಗೂ ಕಪಾಟಿಗೂ ಒಂದೊಂದು ಹೆಸರಿದೆ. ಪುಸ್ತಕದ ಕಪಾಟು ‘ಬಿಲ್ಲಿ’. ಸೋಫಾಗಳಿಗೆ ಸ್ವೀಡನ್ನಿನ ಊರುಗಳ ಹೆಸರು, ಮಂಚಗಳಿಗೆ ನಾರ್ವೆಯ ಊರುಗಳ ಹೆಸರು. ಇದು ಜಾಹೀರಾತಿನವರು ಹುಡುಕಿದ ಉಪಾಯವಲ್ಲ. 1943ರಲ್ಲಿ ಸಂಸ್ಥೆಯನ್ನು ಆರಂಭಿಸಿದ ಇಂಗ್ವಾರ್ ಕಾಂಪ್ರಾಡ್ ಅವರಿಗೆ ಡಿಸ್ಲೆಕ್ಸಿಯಾ ಇತ್ತು. ಸರಕುಗಳ ಅಂಕಿಸಂಖ್ಯೆಯ ಸಂಕೇತಗಳನ್ನು ನೆನಪಿಡುವುದು ಅವರಿಗೆ ಕಷ್ಟವಾಗುತ್ತಿತ್ತು. ಸಂಖ್ಯೆಯ ಬದಲು ಹೆಸರಿಟ್ಟರು. ಮಾಲೀಕನ ಅನುಕೂಲಕ್ಕೆಂದು ಬಂದ ಪದ್ಧತಿ ಗಿರಾಕಿಗಳ ನಾಲಿಗೆಯ ಮೇಲೂ ನಿಂತಿತು.

ಅಮೆರಿಕದ ಪಾಲ್ ಓರ್ಫಲಿಯ ಅವರದು ಇನ್ನೊಂದು ಕಥೆ. ಎರಡನೆಯ ತರಗತಿಯಲ್ಲೇ ನಪಾಸಾದ ಹುಡುಗ. 1970ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದರ ಬಳಿ, ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿ, ಒಂದು ಪುಟ್ಟ ಜೆರಾಕ್ಸ್ ಅಂಗಡಿ ಇಟ್ಟರು. ಗುಂಗುರು ಕೂದಲಿನಿಂದ ತನಗೆ ಬಂದಿದ್ದ ಅಡ್ಡಹೆಸರನ್ನೇ ಅಂಗಡಿಗೂ ಇಟ್ಟರು: ‘ಕಿಂಕೋಸ್’. ಕಾಗದಪತ್ರ ಓದುವುದು ತನ್ನಿಂದಾಗದೆಂದು ಅವರಿಗೆ ಗೊತ್ತಿತ್ತು. ಆ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿ, ತಾವು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಸುತ್ತುತ್ತ ಯಾರು ಏನನ್ನು ಚೆನ್ನಾಗಿ ಮಾಡುತ್ತಿದ್ದಾರೆಂದು ನೋಡುತ್ತಿದ್ದರು. ಕಂಡ ಒಳ್ಳೆಯ ಉಪಾಯವನ್ನು ಉಳಿದ ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ಅಂಗಡಿಗಳು ಸಾವಿರ ದಾಟಿದವು. 2004ರಲ್ಲಿ ಫೆಡೆಕ್ಸ್ ಕಂಪನಿ ಕಿಂಕೋಸ್ ಅನ್ನು ಕೊಂಡದ್ದು ಸುಮಾರು 240 ಕೋಟಿ ಡಾಲರಿಗೆ. ಆ ಹೊತ್ತಿಗೆ ಓರ್ಫಲಿಯ ಅದರಿಂದ ಹೊರಬಂದಿದ್ದರು.

ವರ್ಜಿನ್ ಸಮೂಹದ ರಿಚರ್ಡ್ ಬ್ರಾನ್ಸನ್ 16ನೆಯ ವಯಸ್ಸಿಗೆ ಶಾಲೆ ಬಿಟ್ಟವರು. ಓದು ಬರೆಹ ತೊಡಕಾದ ಹುಡುಗ ಮೊದಲು ಹೊರತಂದದ್ದು ಒಂದು ಪತ್ರಿಕೆಯನ್ನು ಎಂಬುದು ಸ್ವಾರಸ್ಯ. 1968ರಲ್ಲಿ ಬಂದ ಅದರ ಹೆಸರು ‘ಸ್ಟೂಡೆಂಟ್’. ಆಮೇಲೆ ಗ್ರಾಮಫೋನ್ ರೆಕಾರ್ಡುಗಳ ವ್ಯಾಪಾರ, 1984ರಲ್ಲಿ ವಿಮಾನಯಾನ. ತನ್ನ ಕಂಪನಿಯ ಜಾಹೀರಾತುಗಳನ್ನು ಓದಿಸಿ ಕೇಳುತ್ತಿದ್ದುದಾಗಿ ಅವರು ಹೇಳಿಕೊಂಡಿದ್ದಾರೆ. ತನಗೆ ತಕ್ಷಣ ಅರ್ಥವಾಗದ್ದು ಗಿರಾಕಿಗೂ ಅರ್ಥವಾಗದು ಎಂಬುದು ಅವರ ಸೂತ್ರ. ನಿವ್ವಳ ಲಾಭಕ್ಕೂ ಒಟ್ಟು ಲಾಭಕ್ಕೂ ಇರುವ ವ್ಯತ್ಯಾಸ ಐವತ್ತು ವರ್ಷವಾಗುವವರೆಗೂ ತಮಗೆ ತಿಳಿದಿರಲಿಲ್ಲವೆಂದೂ, ಯಾರೋ ಸಮುದ್ರ, ಬಲೆ, ಬಲೆಯೊಳಗಿನ ಮೀನಿನ ಚಿತ್ರ ಬರೆದು ತೋರಿಸಿದಾಗ ಹೊಳೆಯಿತೆಂದೂ ನಗುತ್ತ ಹೇಳುತ್ತಾರೆ.

ಈ ಮೂವರ ಕಥೆಗಳಲ್ಲಿ ಒಂದು ಸಮಾನ ಎಳೆ ಕಾಣುತ್ತದೆ. ತನಗೆ ಬಾರದ್ದನ್ನು ಒಪ್ಪಿಕೊಳ್ಳುವುದು, ಅದನ್ನು ಬಲ್ಲವರ ಕೈಗೆ ಕೊಡುವುದು, ಕ್ಲಿಷ್ಟವಾದದ್ದನ್ನು ಸರಳ ಮಾಡುವುದು.

ಸಮೀಕ್ಷೆಯ ಮಾತು

ಲಂಡನ್ನಿನ ಕಾಸ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕಿ ಜೂಲಿ ಲೋಗನ್ ಇದನ್ನು ಅಂಕಿಸಂಖ್ಯೆಯಲ್ಲಿ ನೋಡಲು ಯತ್ನಿಸಿದರು. 2007ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯಂತೆ, ಪ್ರಶ್ನಿಸಲಾದ ಅಮೆರಿಕದ ಸಣ್ಣ ಉದ್ಯಮಿಗಳಲ್ಲಿ ಶೇ 35ರಷ್ಟು ಮಂದಿ ತಮಗೆ ಡಿಸ್ಲೆಕ್ಸಿಯಾ ಇದೆಯೆಂದರು. ಕಂಪನಿಗಳ ಮ್ಯಾನೇಜರುಗಳಲ್ಲಿ ಈ ಪ್ರಮಾಣ ಶೇ 1ರಷ್ಟೂ ಇರಲಿಲ್ಲ. ಬೇರೆಯವರಿಗೆ ಕೆಲಸ ಹಂಚುವುದರಲ್ಲಿ, ಮಾತಿನಲ್ಲಿ ಒಪ್ಪಿಸುವುದರಲ್ಲಿ ಈ ಉದ್ಯಮಿಗಳು ಮುಂದಿದ್ದರೆಂದೂ ಅವರು ಗುರುತಿಸಿದರು. ಸಮೀಕ್ಷೆ ಸಣ್ಣದು, ಉತ್ತರ ಕೊಟ್ಟವರು ನೂರರ ಲೆಕ್ಕದಲ್ಲಿದ್ದರು. ಆದರೂ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಇದು ಸುದ್ದಿಯಾಯಿತು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ಕಂಪನಿಯ ಕೆಲಸಕ್ಕೆ ಅರ್ಜಿ ಬರೆಯಬೇಕು, ಅಂಕಪಟ್ಟಿ ತೋರಿಸಬೇಕು, ಪರೀಕ್ಷೆ ಪಾಸು ಮಾಡಬೇಕು, ವರದಿ ಸಲ್ಲಿಸಬೇಕು. ಸ್ವಂತ ಅಂಗಡಿ ಇಡಲು ಪ್ರವೇಶ ಪರೀಕ್ಷೆ ಇಲ್ಲ. ಉದ್ಯಮಿಗಳಲ್ಲಿ ಅವರ ಸಂಖ್ಯೆ ಹೆಚ್ಚಿರುವುದು ಹುಟ್ಟುಗುಣದಿಂದಲೇ ಇರಬೇಕೆಂದಿಲ್ಲ. ಉಳಿದ ಬಾಗಿಲುಗಳು ಮುಚ್ಚಿದ್ದವು ಎಂಬುದೂ ಕಾರಣವಾಗಿರಬಹುದು.

ಕಲೆ, ವಿಜ್ಞಾನದ ಅಂಗಳದಲ್ಲಿ

ಪ್ಯಾರಿಸ್ಸಿನ ಪಾಂಪಿಡು ಕಲಾಕೇಂದ್ರ ನೋಡಿದವರು ಬೆರಗಾಗುತ್ತಾರೆ. ಗೋಡೆಯೊಳಗೆ ಅಡಗಿರಬೇಕಾದ ಕೊಳವೆಗಳು, ಏರುವ ಮೆಟ್ಟಿಲುಗಳು ಎಲ್ಲವೂ ಕಟ್ಟಡದ ಹೊರಮೈಯಲ್ಲಿವೆ. 1977ರಲ್ಲಿ ತೆರೆದ ಇದನ್ನು ರೆಂಜೊ ಪಿಯಾನೊ ಜೊತೆ ವಿನ್ಯಾಸ ಮಾಡಿದವರು ರಿಚರ್ಡ್ ರೋಜರ್ಸ್. ಇಂಗ್ಲೆಂಡಿನ ಶಾಲೆಯಲ್ಲಿ ದಡ್ಡನೆನಿಸಿಕೊಂಡಿದ್ದ ಈ ವಾಸ್ತುಶಿಲ್ಪಿಗೆ ತನಗೆ ಡಿಸ್ಲೆಕ್ಸಿಯಾ ಇದೆಯೆಂದು ತಿಳಿದದ್ದು ತನ್ನ ಮಗನಲ್ಲಿ ಅದು ಪತ್ತೆಯಾದ ಮೇಲೆ. 2007ರಲ್ಲಿ ಅವರಿಗೆ ವಾಸ್ತುಶಿಲ್ಪದ ಪರಮೋಚ್ಚ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು.

ಅಮೆರಿಕದ ಜ್ಯಾಕ್ ಹಾರ್ನರ್ ಪದವಿಯನ್ನೇ ಮುಗಿಸಲಾಗದವರು. ಆದರೆ ಕಲ್ಲುಮಣ್ಣಿನ ನಡುವೆ ಪಳೆಯುಳಿಕೆ ಗುರುತಿಸುವ ಕಣ್ಣು ಅವರಿಗಿತ್ತು. 1978ರಲ್ಲಿ ಮೊಂಟಾನಾದಲ್ಲಿ ಅವರೂ ಅವರ ಗೆಳೆಯರೂ ಕಂಡ ಡೈನೋಸಾರ್ ಗೂಡುಗಳು, ಈ ಪ್ರಾಣಿಗಳು ಮರಿಗಳನ್ನು ಸಾಕುತ್ತಿದ್ದವೆಂಬ ತಿಳಿವಿಗೆ ದಾರಿಮಾಡಿದವು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರಕ್ಕೆ ಅವರೇ ಸಲಹೆಗಾರರು. ಆ ಚಿತ್ರದ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರಿಗೂ ಡಿಸ್ಲೆಕ್ಸಿಯಾ ಇದೆ. ಅದು ಗೊತ್ತಾದದ್ದು ಮಾತ್ರ ಅರವತ್ತರ ವಯಸ್ಸಿನಲ್ಲಿ.

ನೊಬೆಲ್ ಪುರಸ್ಕೃತರಲ್ಲೂ ಇಂಥವರಿದ್ದಾರೆ. 2009ರಲ್ಲಿ ವೈದ್ಯವಿಜ್ಞಾನದ ಪುರಸ್ಕಾರ ಹಂಚಿಕೊಂಡ ಕ್ಯಾರಲ್ ಗ್ರೈಡರ್ ಶಾಲೆಯಲ್ಲಿ ಹಿಂದುಳಿದವರ ಪಾಠಕ್ಕೆ ಕೂರಬೇಕಾಗಿತ್ತು. ಪದಗಳನ್ನು ಇಡಿಯಾಗಿ ಬಾಯಿಪಾಠ ಮಾಡಿ ದಾಟಿಕೊಂಡರು. ಪ್ರವೇಶ ಪರೀಕ್ಷೆಯ ಅಂಕ ಕಡಿಮೆಯಾದ್ದರಿಂದ ಅರ್ಜಿ ಹಾಕಿದ ಸಂಶೋಧನಾ ಸಂಸ್ಥೆಗಳಲ್ಲಿ ಬಾಗಿಲು ತೆರೆದವು ಎರಡೇ. ಅವುಗಳಲ್ಲೊಂದಾದ ಬರ್ಕ್‌ಲಿಯಲ್ಲಿ 1984ರಲ್ಲಿ ಅವರು ಟೆಲೊಮರೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. 2017ರ ರಸಾಯನವಿಜ್ಞಾನದ ನೊಬೆಲ್ ಪಡೆದ ಸ್ವಿಟ್ಜರ್ಲೆಂಡಿನ ಜ್ಯಾಕ್ ದ್ಯುಬೊಶೆ ತಮ್ಮ ಸ್ವವಿವರದಲ್ಲೇ, ತಾನು ತನ್ನ ಪ್ರಾಂತದ ಮೊದಲ ಅಧಿಕೃತ ಡಿಸ್ಲೆಕ್ಸಿಕ್ ಎಂದು ಬರೆದುಕೊಂಡರು. ಕಷ್ಟಪಡುವವರನ್ನು ಅರ್ಥ ಮಾಡಿಕೊಳ್ಳಲು ಅದರಿಂದ ತನಗೆ ಸಾಧ್ಯವಾಯಿತೆಂದೂ ಸೇರಿಸಿದರು.

ಇಂಥ ಪಟ್ಟಿಗಳಿಗೆ ಲಿಯೊನಾರ್ಡೊ ಡ ವಿಂಚಿ, ಐನ್‌ಸ್ಟೈನ್ ಮುಂತಾದವರ ಹೆಸರನ್ನೂ ಸೇರಿಸುವ ರೂಢಿಯಿದೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ಸತ್ತವರನ್ನು ಪರೀಕ್ಷಿಸಲಾಗದು. ಐನ್‌ಸ್ಟೈನ್ ಅಂತೂ ಹದಿಹರೆಯದಲ್ಲೇ ಕಠಿಣ ತತ್ತ್ವಶಾಸ್ತ್ರ ಓದುತ್ತಿದ್ದವರು.

ಮಿದುಳಿನ ವರವೇ?

ಕೊರತೆಯ ಜೊತೆಗೇ ಮಿದುಳಿನಲ್ಲಿ ಬೇರೇನಾದರೂ ಶಕ್ತಿ ಹುಟ್ಟಿನಿಂದ ಬರುತ್ತದೆಯೆ? ಈ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಕಾಗದದ ಮೇಲೆ ಬರೆಯಬಹುದಾದರೂ ವಾಸ್ತವದಲ್ಲಿ ಕಟ್ಟಲಾಗದ ವಿಚಿತ್ರ ಆಕೃತಿಗಳುಂಟು. ಅವನ್ನು ‘ಅಸಾಧ್ಯ’ವೆಂದು ಗುರುತಿಸುವುದರಲ್ಲಿ ಡಿಸ್ಲೆಕ್ಸಿಯಾ ಇರುವವರು ಉಳಿದವರಿಗಿಂತ ವೇಗವಾಗಿದ್ದರೆಂದು ಅಮೆರಿಕದ ಕಾಟ್ಯಾ ಫಾನ್ ಕರೋಲಿ 2001ರಲ್ಲಿ ವರದಿ ಮಾಡಿದರು. ಚಿತ್ರದ ಬಿಡಿಭಾಗಕ್ಕಿಂತ ಇಡೀ ಚಿತ್ರ ಅವರ ಕಣ್ಣಿಗೆ ಬೇಗ ದಕ್ಕುತ್ತದೆಂಬುದು ಅವರ ವ್ಯಾಖ್ಯಾನ. ಆದರೆ ಅದೇ ವರ್ಷ ಎಲೆನ್ ವಿನ್ನರ್ ಮತ್ತು ಸಂಗಡಿಗರು ಹಲವು ಬಗೆಯ ಪರೀಕ್ಷೆ ಮಾಡಿದಾಗ ಅಂಥ ಹೆಚ್ಚುಗಾರಿಕೆ ಕಂಡುಬರಲಿಲ್ಲ. ಕೇಂಬ್ರಿಜ್‌ನ ಹೆಲೆನ್ ಟೇಲರ್ ಮತ್ತು ಮಾರ್ಟಿನ್ ವೆಸ್ಟರ್‌ಗಾರ್ಡ್ 2022ರಲ್ಲಿ ಇನ್ನೊಂದು ಸಿದ್ಧಾಂತ ಮಂಡಿಸಿದರು. ತಿಳಿದದ್ದನ್ನೇ ಪಳಗಿಸುವವರ ಜೊತೆಗೆ ಹೊಸದನ್ನು ಅರಸುವವರೂ ಸಮಾಜಕ್ಕೆ ಬೇಕು. ಡಿಸ್ಲೆಕ್ಸಿಯಾ ಅಂಥ ಅನ್ವೇಷಕ ಬುದ್ಧಿಯ ಇನ್ನೊಂದು ಮುಖ ಎಂಬುದು ಅದರ ಸಾರ. ಇದು ಇನ್ನೂ ವಾದವೇ ಹೊರತು ಸಾಬೀತಾದ ಸತ್ಯವಲ್ಲ.

ಗೆದ್ದವರನ್ನು ಮಾತ್ರ ಎಣಿಸುವುದರಲ್ಲಿ ಒಂದು ಅಪಾಯವಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಜೈಲುಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಲಾದ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪದ ಓದುವುದರಲ್ಲಿ ತೀವ್ರ ತೊಡಕು ಇತ್ತು. ಒಂದೇ ಬಗೆಯ ತೊಡಕು ಒಬ್ಬನನ್ನು ಕಂಪನಿಯ ಗದ್ದುಗೆಗೆ, ಇನ್ನೊಬ್ಬನನ್ನು ಕಂಬಿಯ ಹಿಂದಕ್ಕೆ ಕರೆದೊಯ್ದಿದ್ದರೆ, ವ್ಯತ್ಯಾಸವನ್ನು ತೊಡಕಿನಲ್ಲಿ ಹುಡುಕಿ ಫಲವಿಲ್ಲ. ಸುತ್ತಲಿನವರು ಏನು ಮಾಡಿದರು ಎಂಬಲ್ಲಿ ಹುಡುಕಬೇಕು.

ಕನ್ನಡದ ಮಕ್ಕಳು

ಪಿ-ಯು-ಟಿ ‘ಪುಟ್’ ಆದರೆ ಬಿ-ಯು-ಟಿ ‘ಬಟ್’ ಏಕೆ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು. ಕನ್ನಡದಲ್ಲಿ ಆ ಕಾಟವಿಲ್ಲ. ಬರೆದಂತೆ ಓದು, ಓದಿದಂತೆ ಬರೆ. ಹಾಗೆಂದು ನಮ್ಮ ಮಕ್ಕಳಿಗೆ ಡಿಸ್ಲೆಕ್ಸಿಯಾ ಬಾರದೆನ್ನುವಂತಿಲ್ಲ. ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಓದುಗರನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳಿತು. ಬರೆದಂತೆ ಓದುವ ಇಟಾಲಿಯನ್ ಭಾಷೆಯವರು ಕಡಿಮೆ ತಪ್ಪು ಮಾಡಿದರೂ ಮಿದುಳಿನ ಮಟ್ಟದಲ್ಲಿ ಎಲ್ಲರ ತೊಡಕೂ ಒಂದೇ ಆಗಿತ್ತು.

ಕನ್ನಡದ ಸವಾಲು ಬೇರೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಕಲಿಯಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು. ಪ, ಷ, ಫ, ಘ. ದ, ಥ, ಧ: ಒಂದು ಗೆರೆ, ಒಂದು ಸೀಳು ಆಚೀಚೆ ಆದರೆ ಅಕ್ಷರವೇ ಬೇರೆ. ಎಲ್ಲವನ್ನೂ ಕರಗತ ಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೇ ನಾಲ್ಕೈದು ತರಗತಿ ಹಿಡಿಯುತ್ತದೆಂದು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ತೊಡಕಿರುವ ಮಗುವಿಗೆ ಇನ್ನೂ ಹೆಚ್ಚು ಕಾಲ ಬೇಕು. ಆ ಹೊತ್ತಿಗೆ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಮಗುವಿಗೆ ಸೋಮಾರಿ, ದಡ್ಡ ಎಂಬ ಬಿರುದೂ ಬಂದಿರುತ್ತದೆ.

ಕಾನೂನು ಈಗ ಮಕ್ಕಳ ಪರವಾಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇಲ್ಲದ ಕಲಿಕಾ ನ್ಯೂನತೆ, 2016ರ ಹೊಸ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ. ಇದನ್ನು ಪತ್ತೆಹಚ್ಚಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು ಬಳಕೆಯಲ್ಲಿವೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿಗಳುಂಟು. ಆದರೆ ಪ್ರಮಾಣಪತ್ರದವರೆಗೆ ತಲುಪಬೇಕಾದರೆ ಮೊದಲು ಯಾರಾದರೂ ಮಗುವನ್ನು ಗಮನಿಸಬೇಕಲ್ಲವೆ? ನಗರದ ಖಾಸಗಿ ಶಾಲೆಯ ಮಗುವಿಗೆ ಆ ಅವಕಾಶ ಹೆಚ್ಚು. ಒಬ್ಬರೇ ಮೇಷ್ಟರು ಎರಡು ಮೂರು ತರಗತಿ ನೋಡಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ ಕಡಿಮೆ.

ಡಿಸ್ಲೆಕ್ಸಿಯಾ ಶಕ್ತಿಯೆಂಬ ಮಾತು ಸೋತು ಕುಗ್ಗಿದ ಮಗುವಿಗೆ ಧೈರ್ಯ ಕೊಡಬಲ್ಲದು. ಅದೇ ಮಾತು ‘ನೀನೇಕೆ ಬ್ರಾನ್ಸನ್ ಆಗಲಿಲ್ಲ’ ಎಂಬ ಹೊಸ ಹೊರೆಯೂ ಆಗಬಹುದು. ಪ್ರತಿಭಾವಂತನಾದರೆ ಮಾತ್ರ ಮಗುವಿಗೆ ಮರ್ಯಾದೆ ಎಂದಾಗಬಾರದು. ಕೇಳಿಸಿಕೊಂಡು ಕಲಿಯಲು, ಬಾಯಲ್ಲಿ ಉತ್ತರಿಸಲು, ಕೈಯಲ್ಲಿ ಮಾಡಿ ತೋರಿಸಲು ಅವಕಾಶ ಸಿಕ್ಕರೆ ಅವರಲ್ಲಿ ಕೆಲವರು ಉದ್ಯಮ ಕಟ್ಟಿಯಾರು, ಕೆಲವರು ಕಟ್ಟಡ ಕಟ್ಟಿಯಾರು. ಉಳಿದವರು ಎಲ್ಲರಂತೆ ದುಡಿದು ತಲೆಯೆತ್ತಿ ಬದುಕಿಯಾರು. ಅದೇನು ಕಡಿಮೆಯ ಗೆಲುವಲ್ಲ.