ನಾತಕ್ಕೂ ಮುಚ್ಚಳ ಉಂಟು
ಕಾಸರಗೋಡು: ‘ಪ್ಲಾಂಟ್ ಬೇಕು, ನಮ್ಮ ಮನೆ ಹತ್ರ ಬೇಡ’. ಕೊಳಚೆ ನೀರು ಶುದ್ಧೀಕರಣ ಘಟಕ ಎಂದೊಡನೆ ಕೇಳಿಬರುವ ಮಾತಿದು. 2022ರಲ್ಲಿ ಕಲ್ಲಿಕೋಟೆಯ ಆವಿಕ್ಕಲ್ ತೋಡಿನ ಜನ ಇಂಥ ಘಟಕದ ವಿರುದ್ಧ ಬೀದಿಗಿಳಿದಿದ್ದರು.

ನಾತದ ಭಯ ಸುಳ್ಳಲ್ಲ. ಗಾಳಿಯಾಡದೆ ನಿಂತ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಅನಿಲ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದು, ಕೆಲಸಗಾರರ ಜೀವಕ್ಕೇ ಅಪಾಯ. ಹಾಗಾಗಿ ಸುಗಂಧ ಸಿಂಪಡಿಸಿ ಪ್ರಯೋಜನವಿಲ್ಲ.

ಕೊಳಚೆ, ಕೆಸರಿನ ತೊಟ್ಟಿಗಳಿಗೆ ಬಿಗಿ ಮುಚ್ಚಳ ಹಾಕಬೇಕು. ಒಳಗಿನ ಗಾಳಿಯನ್ನು ಫ್ಯಾನಿನಿಂದ ಎಳೆದು, ಮರದ ಚಕ್ಕೆ ಅಥವಾ ತೆಂಗಿನ ನಾರು ತುಂಬಿದ ತೇವದ ಬಯೋಫಿಲ್ಟರ್ ಮೂಲಕ ಬಿಟ್ಟರೆ ಸೂಕ್ಷ್ಮಾಣುಗಳೇ ನಾತವನ್ನು ತಿಂದುಬಿಡುತ್ತವೆ. ಕೆಸರನ್ನು ದಿನಗಟ್ಟಲೆ ಕೂಡಿಡಲೂಬಾರದು.

ಘಟಕಕ್ಕೆ ಒಪ್ಪುವ ಮೊದಲು ಊರವರು ಕೇಳಬೇಕಾದ್ದು ಎರಡೇ: ಮುಚ್ಚಳ ಉಂಟಾ? ಫ್ಯಾನ್ ಓಡಿಸುವ ಕರೆಂಟಿಗೆ ವರ್ಷ ವರ್ಷವೂ ದುಡ್ಡು ಇಡುತ್ತೀರಾ?