ನಡಿಗೆ, ಸೈಕಲ್ಲು, ಮೆಟ್ರೋ ನಿಲ್ದಾಣ: ಗರುಡಾಚಾರ್‌ಪಾಳ್ಯದ ನಿದರ್ಶನ

ಮೆಟ್ರೋ ನಿಲ್ದಾಣವೊಂದು ಎಷ್ಟು ಜನರಿಗೆ ಉಪಯುಕ್ತವಾದೀತೆಂಬುದು ರೈಲಿನ ವೇಗಕ್ಕಿಂತ ಹೆಚ್ಚಾಗಿ ಅಲ್ಲಿಗೆ ಬಂದು ಸೇರುವ ಬೀದಿಗಳನ್ನು ಅವಲಂಬಿಸಿದೆ. ಬೆಂಗಳೂರಿನ ಪೂರ್ವಭಾಗದಲ್ಲಿ, ನೇರಳೆ ಮಾರ್ಗದ ಸಿಂಗಯ್ಯನಪಾಳ್ಯ ಮತ್ತು ಹೂಡಿ ನಿಲ್ದಾಣಗಳ ನಡುವೆ ಇರುವ ಗರುಡಾಚಾರ್‌ಪಾಳ್ಯವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಮಾರ್ಗವು 2023ರ ಮಾರ್ಚ್ 25ರಂದು ಉದ್ಘಾಟನೆಗೊಂಡಿತು. ಆದರೆ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಣ ಸುಮಾರು 2 ಕಿಲೋಮೀಟರು ಆಗಿನ್ನೂ ಸಿದ್ಧವಾಗಿರಲಿಲ್ಲ. ಆ ವರ್ಷದ ಅಕ್ಟೋಬರ್ 9ರವರೆಗೆ ಪ್ರಯಾಣಿಕರು ಒಂದು ರೈಲಿನಿಂದಿಳಿದು, ಬಸ್ಸು ಹಿಡಿದು, ಮತ್ತೆ ಮೆಟ್ಟಿಲೇರಬೇಕಾಗಿತ್ತು. ಈಗ ಹಳಿಗಳು ಕೂಡಿವೆ. ಆದರೂ ಅದೇ ಬಗೆಯ ಚಿಕ್ಕ ಬಿರುಕು ಮನೆಗೂ ನಿಲ್ದಾಣಕ್ಕೂ ನಡುವೆ ಎಷ್ಟೋ ಕಡೆ ಉಳಿಯಬಲ್ಲುದು.

ಇದರ ಲೆಕ್ಕ ಸರಳವಾದುದು. ಸಾಧಾರಣ ನಡಿಗೆಯಲ್ಲಿ ಮನುಷ್ಯನು ನಿಮಿಷಕ್ಕೆ 80 ಮೀಟರು ಸಾಗುತ್ತಾನೆಂದುಕೊಂಡರೆ, 10 ನಿಮಿಷದಲ್ಲಿ 800 ಮೀಟರು. ಗಂಟೆಗೆ 12 ಕಿಲೋಮೀಟರು ವೇಗದ ಸೈಕಲ್ಲು ಅಷ್ಟೇ ಹೊತ್ತಿನಲ್ಲಿ 2 ಕಿಲೋಮೀಟರು ಹೋಗುತ್ತದೆ. ಇವುಗಳನ್ನು ತ್ರಿಜ್ಯವಾಗಿಟ್ಟು ವೃತ್ತವನ್ನೆಳೆದರೆ ಮೊದಲನೆಯದರ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರು, ಎರಡನೆಯದರದು ಸುಮಾರು 12.6. ಎಂದರೆ ಸೈಕಲ್ಲಿಗೆ ಎಡೆಗೊಟ್ಟ ನಿಲ್ದಾಣದ ಸೇವಾಪ್ರದೇಶವು ಆರು ಪಟ್ಟಿಗೂ ಮಿಗಿಲಾಗುತ್ತದೆ. ಕೇಂದ್ರ ಸರ್ಕಾರದ 2017ರ ಮೆಟ್ರೋ ನೀತಿಯು ನಿಲ್ದಾಣದ ಇಕ್ಕೆಲಗಳಲ್ಲಿ 5 ಕಿಲೋಮೀಟರಿನ ಪ್ರದೇಶವನ್ನು ಗಣಿಸಬೇಕೆನ್ನುತ್ತದೆ. ಅಷ್ಟು ದೂರವನ್ನು ದಿನವೂ ನಡೆದು ಬರುವವರು ಯಾರು?

ವೃತ್ತವು ಕಾಗದದ ಮೇಲಿನದು. ಬೀದಿಗಳು ವೃತ್ತಕ್ಕೆ ವಿಧೇಯವಲ್ಲ. ನೇರವಾಗಿ 300 ಮೀಟರು ದೂರದಲ್ಲಿರುವ ಮನೆಗೆ ದೊಡ್ಡದೊಂದು ವಸತಿ ಸಮುಚ್ಚಯದ ಗೋಡೆ ಅಡ್ಡಬಂದು 900 ಮೀಟರು ಸುತ್ತಬೇಕಾದರೆ, 4 ನಿಮಿಷದ ದಾರಿ 11 ನಿಮಿಷವಾಗುತ್ತದೆ. ಇಂಥ ಕಡೆ ಗೋಡೆಯಲ್ಲಿ ತೆರೆದ ಒಂದು ಸಣ್ಣ ಬಾಗಿಲು ಹೊಸ ಬಸ್ಸಿಗಿಂತ ಹೆಚ್ಚು ಉಪಕಾರಿ. ಕಾಲುದಾರಿಯ ವಿಷಯದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿಯೇ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕೆಂದೂ ಎತ್ತರ 150 ಮಿಲಿಮೀಟರನ್ನು ಮೀರಬಾರದೆಂದೂ ಹೇಳಿತ್ತು. ಟ್ರಾನ್ಸ್‌ಫಾರ್ಮರು, ನಿಂತ ಸ್ಕೂಟರು, ಮರಳಿನ ರಾಶಿ ಇವನ್ನು ಕಳೆದು ಉಳಿದ ಅಗಲವೇ ನಿಜವಾದ ಅಗಲವೆಂದು ತಿಳಿಯತಕ್ಕದ್ದು. ಎತ್ತರಿಸಿದ ನಿಲ್ದಾಣದಲ್ಲಿ ಟಿಕೆಟ್ಟಿಲ್ಲದೆಯೂ ರಸ್ತೆಯ ಆಚೆ ಬದಿಗೆ ದಾಟುವ ಅವಕಾಶವಿದ್ದರೆ ವಾಹನಗಳ ನಡುವೆ ನುಗ್ಗುವ ಅಪಾಯ ತಪ್ಪುತ್ತದೆ. ಆದರೆ ಲಿಫ್ಟು ಎರಡೂ ಬದಿಯಲ್ಲಿರಬೇಕು. ಒಂದೇ ಬದಿಯ ಲಿಫ್ಟು ಮುದುಕರಿಗೆ ಅರ್ಧ ದಾರಿಯನ್ನು ಮಾತ್ರ ಕೊಡುತ್ತದೆ.

ಸೈಕಲ್ಲಿನ ತಂಗುದಾಣವು ಬಾಗಿಲಿಗೆ ಸಮೀಪದಲ್ಲಿರಬೇಕು. ಕಾರುಗಳು ದೂರದಲ್ಲಿ ನಿಲ್ಲಲಿ. ಒಂದು ಕಾರಿನ ಜಾಗದಲ್ಲಿ ಸುಮಾರು 10 ಸೈಕಲ್ಲುಗಳು ನಿಲ್ಲಬಲ್ಲವಾದ್ದರಿಂದ ಈ ಕ್ರಮವು ನ್ಯಾಯವೂ ಹೌದು. ನೆದರ್ಲೆಂಡ್ಸಿನ ಯೂಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ ತಂಗುದಾಣವು 12,500 ಸೈಕಲ್ಲುಗಳಿಗೆ ಸ್ಥಳವೀಯುತ್ತದೆ. ನಮಗೆ ಅಷ್ಟು ದೊಡ್ಡದು ಬೇಡ. ಮಳೆಗೆ ಮಾಡು, ಬೀಗ ಹಾಕಲು ಕಂಬಿ, ಕಾವಲು, ಇಷ್ಟಿದ್ದರೆ ಸಾಕು. ಬಸ್ಸು ಮಾತ್ರ ಮೆಟ್ಟಿಲಿನ ಬುಡದಲ್ಲಿಯೇ ನಿಲ್ಲಬೇಕು.

ಇವೆಲ್ಲವುಗಳ ಪರೀಕ್ಷೆ ನಡೆಯುವುದು ಕತ್ತಲಾದ ಮೇಲೆ. ಕೆಲಸ ಮುಗಿಸಿ ರಾತ್ರಿ ಹತ್ತು ಗಂಟೆಗೆ ಹಿಂದಿರುಗುವ ಹೆಣ್ಣುಮಗಳು ದೀಪವಿಲ್ಲದ ಅಡ್ಡಬೀದಿಗೆ ಅಂಜಿ ಆಟೋ ಹಿಡಿದರೆ, ರೈಲಿನಲ್ಲಿ ಉಳಿಸಿದ ಹಣ ಅಲ್ಲಿಯೇ ಕರಗುತ್ತದೆ. ಹಗಲಿನಲ್ಲಿ ಮಾಡಿದ ಸಮೀಕ್ಷೆ ಇದನ್ನು ತೋರಿಸಲಾರದು. ಆದಕಾರಣ ನಕ್ಷೆಯನ್ನು ರಚಿಸುವವರು ರಾತ್ರಿಯ ಕಡೆಯ ರೈಲಿನಿಂದಿಳಿದು, ನಿಲ್ದಾಣದಿಂದ ನಾಲ್ಕು ದಿಕ್ಕಿಗೂ ಹತ್ತು ಹತ್ತು ನಿಮಿಷ ನಡೆದು ನೋಡತಕ್ಕದ್ದು.