ವಿಮಾನ ನಡೆಸಲು ಕಲಿಯುವ ಬಾಲಿಕೆಯ ಮೊದಲ ಪಾಠಗಳು

ನಮ್ಮ ಮೇಲ್ತರಗತಿಯ ಬಾಲಿಕೆಯರಲ್ಲಿ ವಿಮಾನ ನಡೆಸುವ ವಿದ್ಯೆಯನ್ನು ಅಪೇಕ್ಷಿಸುವವರು ಈಗ ವಿರಳರಲ್ಲ. ಆದರೆ ಈ ಮಾತು ಮನೆಯಲ್ಲಿ ಎದ್ದೊಡನೆ ತಾಯ್ತಂದೆಗಳು ಕಳವಳಗೊಳ್ಳುತ್ತಾರೆ. ಆಕಾಶದಲ್ಲಿ ಇಂಜಿನ್ ನಿಂತುಹೋದರೆ ಗತಿಯೇನೆಂದು ನಮ್ಮನ್ನು ಕೇಳುವುದೂ ಉಂಟು. ಪ್ರಶ್ನೆಯು ನ್ಯಾಯವಾದುದೇ. ಬರಿಯ ಧೈರ್ಯದ ಮಾತುಗಳಿಂದ ಅದಕ್ಕೆ ಉತ್ತರ ಕೊಡುವುದಕ್ಕಿಂತ, ಆ ವಿದ್ಯೆಯಲ್ಲಿ ಏನನ್ನು ಕಲಿಸುತ್ತಾರೆಂಬುದನ್ನು ವಿವರಿಸುವುದೇ ಲೇಸೆಂದು ತಿಳಿದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಈ ವಿದ್ಯೆ ನಮ್ಮ ಊರಿಗೆ ಹೊಸದೇನೂ ಅಲ್ಲ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಡಾಕ್ಟರ್ ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ಅಲ್ಲಿ ರಚಿತವಾದ ಎಚ್.ಟಿ.-2 ಎಂಬ ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿಗೆ ಹಾರಿತು. ಅದಕ್ಕೂ ಮುಂಚೆ, 1949ರಲ್ಲಿ, ನಗರದ ಉತ್ತರಕ್ಕಿರುವ ಜಕ್ಕೂರಿನ ಸರಕಾರೀ ವಿಮಾನ ತರಬೇತಿ ಶಾಲೆಯಿಂದ ಶ್ರೀಮತಿ ಉಷಾ ಸುಂದರಂ ಅವರು ತೇರ್ಗಡೆ ಹೊಂದಿದ್ದರು. ಜಯನಗರದ ನಮ್ಮ ಬಾಲಿಕೆಯರು ಮೇಲ್ಪಂಕ್ತಿಯನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ.

ಕಲಿಯುವವಳು ಮೊದಲು ಬಾಯಿಪಾಠ ಮಾಡತಕ್ಕದ್ದು ವೇಗಗಳನ್ನು. ವಿಮಾನವನ್ನು ಎತ್ತಿ ಹಿಡಿಯುವುದು ಇಂಜಿನ್ ಅಲ್ಲ, ರೆಕ್ಕೆಗಳನ್ನು ಸವರಿ ಹರಿಯುವ ಗಾಳಿ. ಮೂತಿಯನ್ನು ಅತಿಯಾಗಿ ಎತ್ತಿ ವೇಗವನ್ನು ಕಳೆದುಕೊಂಡರೆ ಆ ಗಾಳಿಯು ರೆಕ್ಕೆಯನ್ನು ಬಿಟ್ಟು ಚೆದರುವುದು. ಎತ್ತುವ ಬಲವು ಥಟ್ಟನೆ ಕುಗ್ಗುವುದು. ಇದಕ್ಕೆ ಸ್ಟಾಲ್ ಎಂದು ಹೆಸರು. ಅನೇಕ ದೇಶಗಳ ತರಬೇತಿ ಶಾಲೆಗಳಲ್ಲಿ ಬಳಕೆಯಾಗಿರುವ ಸೆಸ್ನಾ 152 ಎಂಬ ಎರಡಾಸನದ ವಿಮಾನವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ವೇಗವನ್ನು ನಾಟ್ ಎಂಬ ಮಾನದಿಂದ ಎಣಿಸುವರು. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರು. ಪೂರ್ಣಭಾರ ಹೊತ್ತ ಈ ವಿಮಾನವು ಸಮನಾಗಿ ಹಾರುವಾಗ ಸುಮಾರು 40 ನಾಟಿಗೆ ಸ್ಟಾಲ್ ಆಗುವುದು. ರೆಕ್ಕೆಯ ಹಿಂಬದಿಯ ಫ್ಲಾಪುಗಳನ್ನು ಪೂರಾ ಇಳಿಸಿದಾಗ 35 ನಾಟಿನವರೆಗೆ ತಾಳುವುದು. ನೆಲ ಬಿಡುವಾಗ 50 ನಾಟಿನಲ್ಲಿ ಮೂತಿಯನ್ನು ಎತ್ತಬೇಕು. ಸಮುದ್ರಮಟ್ಟದಲ್ಲಿ ಅತಿ ಬೇಗ ಮೇಲೇರಲು 67 ನಾಟು ಬೇಕು. 149 ನಾಟನ್ನು ಎಂದಿಗೂ ಮೀರಕೂಡದು. ಮಾಪಕದ ಮುಖದ ಮೇಲೆ ಬಿಳಿ, ಹಸುರು, ಹಳದಿ ಕಮಾನುಗಳೂ ಒಂದು ಕೆಂಪು ಗೆರೆಯೂ ಈ ಎಲ್ಲೆಗಳನ್ನು ತೋರಿಸುತ್ತವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ತೆಳು. ಇಂಜಿನ್ನಿನ ಬಲವು ಕೊಂಚ ತಗ್ಗಿ, ನೆಲ ಬಿಡುವ ಮುಂಚಿನ ಓಟವು ಉದ್ದವಾಗುವುದು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಂತೂ ಇನ್ನೂ ಉದ್ದ. ಆದಕಾರಣ ಹಾರುವ ಮುನ್ನ ಲೆಕ್ಕ ಹಾಕಿ ನೋಡುವುದು ಕಡ್ಡಾಯ.

ಎರಡನೆಯ ಪಾಠವು ಯಂತ್ರದ ಅಂಗಾಂಗಗಳದು. ಈ ವಿಮಾನದ ಪೆಟ್ರೋಲು ರೆಕ್ಕೆಗಳೊಳಗಿನ ತೊಟ್ಟಿಗಳಿಂದ ತನ್ನ ಭಾರದಿಂದಲೇ ಇಂಜಿನ್ನಿಗೆ ಇಳಿಯುತ್ತದೆ. ಕಿಡಿಯನ್ನು ಹುಟ್ಟಿಸಲು ಎರಡು ಮ್ಯಾಗ್ನೆಟೋಗಳಿವೆ. ಅವು ಬ್ಯಾಟರಿಯನ್ನು ಅವಲಂಬಿಸಿಲ್ಲವಾದ್ದರಿಂದ, ಬ್ಯಾಟರಿ ಸತ್ತರೂ ಇಂಜಿನ್ ನಡೆಯುವುದು. ಒಂದು ಮ್ಯಾಗ್ನೆಟೋ ಕೆಟ್ಟರೂ ಮತ್ತೊಂದು ಕೆಲಸ ಮಾಡುವುದು. ಗಾಳಿಯೂ ಪೆಟ್ರೋಲೂ ಬೆರೆಯುವ ಕಾರ್ಬುರೇಟರಿನಲ್ಲಿ, ಹೊರಗೆ ಚಳಿಯಿಲ್ಲದಿದ್ದರೂ, ತೇವದ ದಿನಗಳಲ್ಲಿ ಮಂಜುಗಡ್ಡೆ ಕಟ್ಟಬಹುದು. ಅದನ್ನು ಕರಗಿಸಲು ಬಿಸಿಗಾಳಿ ಬಿಡುವ ಗುಂಡಿಯೊಂದಿದೆ. ದಿನದ ಮೊದಲ ಹಾರಾಟಕ್ಕೆ ಮುಂಚೆ ತೊಟ್ಟಿಗಳಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನಂಥ ಬಟ್ಟಲಿಗೆ ಇಳಿಸಿಕೊಂಡು, ತಳದಲ್ಲಿ ನೀರು ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ವಿದ್ಯಾರ್ಥಿನಿಯ ಕರ್ತವ್ಯ.

ಇನ್ನು ತಾಯ್ತಂದೆಗಳ ಪ್ರಶ್ನೆಗೆ ಬರೋಣ. ಇಂಜಿನ್ ನಿಂತರೆ ವಿಮಾನವು ಕಲ್ಲಿನಂತೆ ಬೀಳದು. ಹದ್ದಿನಂತೆ ತೇಲುತ್ತಾ ಇಳಿಯುವುದು. ಈ ವಿಮಾನಕ್ಕೆ ಹಾಗೆ ತೇಲಲು ತಕ್ಕ ವೇಗ 60 ನಾಟು. ಗಾಳಿ ನಿಶ್ಚಲವಾಗಿದ್ದರೆ, ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಡಮೆ ಒಂದೂವರೆ ನಾಟಿಕಲ್ ಮೈಲಿ, ಅಂದರೆ ಮೂರು ಕಿಲೋಮೀಟರಿಗೆ ತುಸು ಕಡಮೆ ದೂರ ಸಾಗಬಹುದು. ಆದುದರಿಂದ ಮೊಟ್ಟಮೊದಲ ಕೆಲಸ ಮೂತಿಯನ್ನು ತಗ್ಗಿಸಿ 60 ನಾಟನ್ನು ಉಳಿಸಿಕೊಳ್ಳುವುದು. ಎರಡನೆಯದು ಇಳಿಯಲು ಬಯಲೊಂದನ್ನು ಆರಿಸುವುದು. ಬಳಿಕ, ಎತ್ತರವಿದ್ದರೆ, ಕಾರ್ಬುರೇಟರಿಗೆ ಬಿಸಿಗಾಳಿ, ಪೆಟ್ರೋಲಿನ ತಿರುಪು, ಮಿಶ್ರಣದ ಗುಂಡಿ, ಮ್ಯಾಗ್ನೆಟೋ ಕೀಲಿ, ಇವನ್ನು ಕ್ರಮವಾಗಿ ಪರೀಕ್ಷಿಸಿ ಇಂಜಿನ್ನನ್ನು ಎಬ್ಬಿಸಲು ನೋಡಬೇಕು. ಕೊನೆಗೆ ರೇಡಿಯೋವಿನಲ್ಲಿ ಆಪತ್ತಿನ ಕರೆ. ಕರೆಯು ಕೊನೆಯದೇಕೆಂದರೆ, ಕೇಳಿಸಿಕೊಂಡವರು ವಿಮಾನವನ್ನು ಹಿಡಿದು ನಿಲ್ಲಿಸಲಾರರು.

ನೆಲ ಬಿಟ್ಟ ಕೂಡಲೇ ಇಂಜಿನ್ ನಿಲ್ಲುವುದು ಎಲ್ಲಕ್ಕಿಂತ ಕಠಿನವಾದ ಸಂದರ್ಭ. ಆಗ ಬಿಟ್ಟುಬಂದ ಓಟದಾರಿಗೆ ಮರಳಬೇಕೆಂಬ ಆಸೆ ಸಹಜ. ಆ ಆಸೆಯೇ ಅನೇಕರ ಪ್ರಾಣವನ್ನು ತೆಗೆದಿದೆ. ಮಟ್ಟವಾಗಿ ಹಾರುವಾಗ 40 ನಾಟಿಗೆ ಸ್ಟಾಲ್ ಆಗುವ ವಿಮಾನವು, 60 ಅಂಶ ಓರೆಯಾಗಿ ಮಟ್ಟದಲ್ಲೇ ತಿರುಗುವಾಗ ಸುಮಾರು 57 ನಾಟಿಗೇ ಸ್ಟಾಲ್ ಆಗುವುದು. ಆದ್ದರಿಂದ ಎತ್ತರ ಸಾಲದಿದ್ದರೆ ನೇರವಾಗಿ, ಅಥವಾ ಅಲ್ಪಸ್ವಲ್ಪವೇ ಹೊರಳಿ, ಎದುರಿಗಿರುವ ಬಯಲಿನಲ್ಲಿಯೇ ಇಳಿಯತಕ್ಕದ್ದು. ಶಿಕ್ಷಕರು ಪಕ್ಕದಲ್ಲಿ ಕುಳಿತು, ಸಾಕಷ್ಟು ಎತ್ತರದಲ್ಲಿ, ಮುನ್ಸೂಚನೆಯಿಲ್ಲದೆ ಇಂಜಿನ್ನಿನ ಬಲವನ್ನು ತಗ್ಗಿಸಿ ಇಂಥ ಅಭ್ಯಾಸಗಳನ್ನು ಮತ್ತೆ ಮತ್ತೆ ಮಾಡಿಸುವರು. ಭಯವು ಬುದ್ಧಿಯನ್ನು ಕವಿಯುವ ಮೊದಲೇ ಕೈಯು ಸರಿಯಾದ ಕೆಲಸವನ್ನು ಮಾಡಿರಬೇಕೆಂಬುದೇ ಈ ಶಿಕ್ಷಣದ ಮರ್ಮ.

ಇಷ್ಟರಿಂದ ಅಪಾಯವೇ ಇಲ್ಲವೆಂದು ನಾವು ಹೇಳೆವು. ಆದರೆ ಈ ವಿದ್ಯೆಗೆ ಬೇಕಾದುದು ಸಾಹಸಪ್ರಿಯತೆಯಲ್ಲ, ಶ್ರದ್ಧೆ. ನಮ್ಮ ದೇಶದಲ್ಲಿ ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ವೃತ್ತಿ ಪರವಾನಗಿಗೆ 18 ವರ್ಷ ಮತ್ತು 200 ಗಂಟೆಗಳ ಹಾರಾಟ ಬೇಕು. ವೈದ್ಯಪರೀಕ್ಷೆಯೂ ಉಂಟು, ಖರ್ಚೂ ಬಹಳ. ತೀರ್ಮಾನಿಸುವ ಮುನ್ನ ಮಗಳ ಸ್ವಭಾವವನ್ನು ನೋಡಿರಿ. ಬೇಸರಪಡದೆ ಪಾಠವನ್ನು ಪುನಃ ಒಪ್ಪಿಸುವವಳೇ? ತಾನು ನೋಡದಿದ್ದುದನ್ನು ನೋಡಿದೆನೆಂದು ಹೇಳದವಳೇ? ಮೋಡ ಕವಿದ ದಿನ ‘ಇಂದು ಹಾರುವುದು ಬೇಡ’ ಎನ್ನಬಲ್ಲವಳೇ? ಹೌದಾದರೆ, ಹೆಣ್ಣುಮಗಳೆಂಬ ಒಂದೇ ಕಾರಣದಿಂದ ಆಕೆಯನ್ನು ತಡೆಯಬಾರದೆಂದು ನಮ್ಮ ವಿನಯಪೂರ್ವಕ ಅರಿಕೆ.